ಮೇಣಬಸದಿಯ ಮಾಸಿದ ಬಣ್ಣಗಳು ಹೇಳುವುದೇನು?

ಬಾದಾಮಿಯ ಗುಹಾಲಯಗಳಾದ ಮೇಣಬಸದಿಗೆ ಬಂದವರ ಕಣ್ಣು ಮೊದಲು ಹೋಗುವುದು ಶಿಲ್ಪಗಳ ಕಡೆಗೆ. ಮೂರನೆಯ ಗುಹೆಯ ಮೊಗಸಾಲೆಯಲ್ಲಿ ಅನಂತನ ಸುರುಳಿಯ ಮೇಲೆ ಕುಳಿತ ವಿಷ್ಣು, ಭೂದೇವಿಯನ್ನು ಎತ್ತಿಹಿಡಿದ ವರಾಹ, ಕಾಲನ್ನು ಆಕಾಶಕ್ಕೆ ಚಾಚಿದ ತ್ರಿವಿಕ್ರಮ. ಎಲ್ಲವೂ ಆಳೆತ್ತರವನ್ನು ಮೀರಿದ ಮೂರ್ತಿಗಳು. ಅವುಗಳೆದುರು ನಿಂತು ಫೋಟೊ ತೆಗೆಸಿಕೊಂಡವರು ಮುಂದಿನ ಗುಹೆಗೆ ಹೊರಡುತ್ತಾರೆ. ಕತ್ತೆತ್ತಿ ಮುಂಭಾಗದ ಕಪೋತದ, ಎಂದರೆ ಮುಂಚಾಚಿದ ಕಲ್ಲಿನ ಸೂರಿನ, ಒಳಬಾಗಿದ ಕೆಳಮೈಯನ್ನು ನೋಡುವವರು ತೀರ ಕಡಿಮೆ. ಅಲ್ಲಿ, ಕೆಂಪು ಮರಳುಗಲ್ಲಿಗೆ ಅಂಟಿಕೊಂಡ ಗಾರೆಯ ತುಣುಕುಗಳ ಮೇಲೆ, ಚಾಲುಕ್ಯರ ಕಾಲದ ಚಿತ್ರಗಳ ಅಳಿದುಳಿದ ಭಾಗವಿದೆ.

ಈ ಚಿತ್ರಗಳು ವಿದ್ವಾಂಸರ ಗಮನಕ್ಕೆ ಬಂದದ್ದೂ ತಡವಾಗಿಯೇ. ಜೇಮ್ಸ್ ಬರ್ಜೆಸ್ 1874ರಲ್ಲಿ ಆಗಿನ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳ ಸ್ಮಾರಕಗಳ ಸಮೀಕ್ಷೆ ನಡೆಸಿದಾಗ ಬಾದಾಮಿಯ ಗುಹೆಗಳನ್ನು ವಿವರವಾಗಿ ದಾಖಲಿಸಿದರು. ಆರ್.ಡಿ. ಬ್ಯಾನರ್ಜಿ 1928ರಲ್ಲಿ ಇಲ್ಲಿನ ಉಬ್ಬುಶಿಲ್ಪಗಳ ಮೇಲೆ ಒಂದು ಗ್ರಂಥವನ್ನೇ ಹೊರತಂದರು. ವರ್ಣಚಿತ್ರಗಳನ್ನು ಕಲಾಚರಿತ್ರೆಯ ಮುಖ್ಯ ವಿಷಯವಾಗಿ ಮುಂದಿಟ್ಟವರು ಕಲ್ಕತ್ತ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಸ್ಟೆಲ್ಲಾ ಕ್ರಾಮ್ರಿಶ್. ಬಾದಾಮಿಯ ಚಿತ್ರಗಳ ಕುರಿತ ಅವರ ಬರಹ ಪ್ರಕಟವಾದದ್ದು 1936ರಲ್ಲಿ. ಮುಂದೆ ಕಲಾವಿದ ಜೆ.ಎಂ. ಅಹಿವಾಸಿ ಇವುಗಳ ಪ್ರತಿಗಳನ್ನು ಬರೆದರು. ಕಲಾ ಇತಿಹಾಸಕಾರ ಸಿ. ಶಿವರಾಮಮೂರ್ತಿ ಒಂದು ದೃಶ್ಯದಲ್ಲಿ ಚಾಲುಕ್ಯ ದೊರೆ ಕೀರ್ತಿವರ್ಮನ ಅರಮನೆಯನ್ನೇ ಗುರುತಿಸಿದರು.

ಆಸನದಲ್ಲಿ ಆರಾಮವಾಗಿ ಕುಳಿತ ಅರಸ, ಕೊರಳಲ್ಲಿ ಮುತ್ತಿನ ಸರ, ಸುತ್ತ ಚಾಮರ ಹಿಡಿದ ಹೆಂಗಳೆಯರು, ಕುಣಿಯುವ ಜೋಡಿ, ವಾದ್ಯ ನುಡಿಸುವ ಸ್ತ್ರೀಯರು, ಮೋಡಗಳ ನಡುವೆ ಹಾರುವ ವಿದ್ಯಾಧರ ದಂಪತಿ: ಹಿಂದಿನವರು ಬರೆದಿಟ್ಟ ಈ ವಿವರಗಳನ್ನು ಇಂದು ಬರಿಗಣ್ಣಿನಿಂದ ಪೂರ್ತಿ ಗುರುತಿಸುವುದು ಕಷ್ಟ. ಅಲ್ಲೊಂದು ತೋಳಿನ ಬಾಗು, ಇಲ್ಲೊಂದು ಮುಖದ ಅಂಚು ಕಾಣುತ್ತವೆ. ಉಳಿದ ಕಡೆ ಗಾರೆ ಕಳಚಿ ಬಂಡೆ ಕಾಣುತ್ತದೆ.

ಇಷ್ಟು ಕಡಿಮೆ ಉಳಿದಿದ್ದರೂ ಇದಕ್ಕೆ ಇಷ್ಟೊಂದು ಮಹತ್ವವೇಕೆ? ಉತ್ತರ ಅದೇ ಗುಹೆಯ ಶಾಸನದಲ್ಲಿದೆ. ಕೀರ್ತಿವರ್ಮನ ಆಳ್ವಿಕೆಯ ಹನ್ನೆರಡನೆಯ ವರ್ಷ, ಶಕ 500ರ ಕಾರ್ತಿಕ ಹುಣ್ಣಿಮೆಯಂದು ಅವನ ತಮ್ಮ ಮಂಗಲೇಶ ಈ ವಿಷ್ಣುಗೃಹವನ್ನು ಪೂರ್ಣಗೊಳಿಸಿದನೆಂದು ಅದು ಹೇಳುತ್ತದೆ. ಎಂದರೆ ಕ್ರಿ.ಶ. 578. ದೇಶದ ಗುಹಾ ದೇವಾಲಯಗಳಲ್ಲಿ ಇಷ್ಟು ಖಚಿತ ತಾರೀಖು ಸಿಗುವುದು ಅಪರೂಪ. ಹಿಂದೂ ದೇವಾಲಯಗಳಲ್ಲಿ ಉಳಿದಿರುವ ಅತಿ ಹಳೆಯ ಭಿತ್ತಿಚಿತ್ರಗಳ ಸಾಲಿನಲ್ಲಿ ಬಾದಾಮಿಯ ಹೆಸರು ಬರುವುದು ಈ ಕಾರಣಕ್ಕೆ. ಆದರೆ ಶಾಸನ ಹೇಳುವುದು ಗುಹೆಯ ತಾರೀಖನ್ನು. ಗಾರೆ ಯಾವಾಗ ಹಚ್ಚಿದರು, ಅದರ ಮೇಲೆ ಎಷ್ಟು ಸಲ ಬಣ್ಣ ಬಳಿದರು, ನಂತರ ಯಾರಾದರೂ ತಿದ್ದಿದರೇ ಎಂಬ ಪ್ರಶ್ನೆಗಳಿಗೆ ಉತ್ತರ ಗಾರೆಯೊಳಗೇ ಇದೆ. ಅದನ್ನು ಓದಲು ಬೇಕಾದದ್ದು ರಸಾಯನ ವಿಜ್ಞಾನ.

ಗಾರೆಯೊಳಗಿನ ಪದರಗಳು

ನಮ್ಮ ಹಳೆಯ ಭಿತ್ತಿಚಿತ್ರಗಳಲ್ಲಿ ಬಣ್ಣ ನೇರವಾಗಿ ಕಲ್ಲಿನ ಮೇಲೆ ಕೂತಿರುವುದು ಕಡಿಮೆ. ಒರಟು ಬಂಡೆಯ ಮೇಲೆ ಮಣ್ಣಿನ ಅಥವಾ ಸುಣ್ಣದ ಗಾರೆ, ಅದರ ಮೇಲೆ ನಯವಾದ ತೆಳು ಬಿಳಿ ಲೇಪ, ಆಮೇಲೆ ರೇಖೆ, ಕೊನೆಗೆ ಬಣ್ಣ. ಗಾರೆಗೆ ಹೊಟ್ಟು, ನಾರು, ಮರಳು ಸೇರಿಸುತ್ತಿದ್ದುದುಂಟು. ಪ್ರತಿ ಪದರಕ್ಕೂ ಒಂದು ಕೆಲಸ. ಯಾವ ಪದರ ಸೋತರೂ ಮೇಲಿನದು ನಿಲ್ಲದು.

ಈ ಕೆಲಸದ ವಿಧಾನವನ್ನು ಬರೆದಿಟ್ಟವರಲ್ಲಿ ಕನ್ನಡ ನಾಡಿನ ದೊರೆಯೊಬ್ಬನಿದ್ದಾನೆ. ಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚಿತ್ರಕಲೆಗೆಂದೇ ಒಂದು ಭಾಗವಿದೆ. ಎಮ್ಮೆಯ ಚರ್ಮವನ್ನು ಬೆಣ್ಣೆಯಷ್ಟು ಮೆತ್ತಗಾಗುವವರೆಗೆ ಬೇಯಿಸಿ, ಕಡ್ಡಿಗಳಾಗಿ ಒಣಗಿಸಿ, ಬೇಕಾದಾಗ ಬಿಸಿನೀರಿನಲ್ಲಿ ಕರಗಿಸಿ ಬಳಸುವ ‘ವಜ್ರಲೇಪ’ ಎಂಬ ಅಂಟನ್ನು ಅದು ವಿವರಿಸುತ್ತದೆ. ಈ ಅಂಟಿಗೆ ಬಿಳಿಮಣ್ಣು ಬೆರೆಸಿ ಗೋಡೆಗೆ ಮೂರು ಸಲ ಬಳಿಯಬೇಕು. ಬಣ್ಣಗಳ ಪಟ್ಟಿಯಲ್ಲಿ ಶಂಖದ ಪುಡಿಯ ಬಿಳುಪು, ಕಾವಿಯ ಕೆಂಪು, ಇಂಗಲೀಕ, ಅರಗಿನ ಕೆಂಪು, ಹರಿತಾಳದ ಹಳದಿ, ಕಾಡಿಗೆಯ ಕಪ್ಪು ಇವೆ. ಬಾದಾಮಿಯ ಚಿತ್ರಗಳಿಗೂ ಈ ಗ್ರಂಥಕ್ಕೂ ಐದೂವರೆ ಶತಮಾನಗಳ ಅಂತರವಿರುವುದರಿಂದ ಅದರಲ್ಲಿರುವುದನ್ನೆಲ್ಲ ಬಾದಾಮಿಗೆ ಹೊರಿಸುವಂತಿಲ್ಲ. ಆದರೂ ಗಾರೆಯ ಚೂರು ಕೈಗೆ ಬಂದ ರಸಾಯನಶಾಸ್ತ್ರಜ್ಞ ಅದರಲ್ಲಿ ಏನನ್ನು ಹುಡುಕಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸುಳಿವು ಬೇರೊಂದಿಲ್ಲ.

ಅಂಟು ಯಾವುದು ಎಂಬ ಪ್ರಶ್ನೆ ದೊಡ್ಡದು. ಸುಣ್ಣದ ಗಾರೆ ಹಸಿಯಾಗಿರುವಾಗಲೇ ಬಣ್ಣ ಹಚ್ಚಿದರೆ ಬೇರೆ ಅಂಟು ಬೇಕಿಲ್ಲ. ಸುಣ್ಣವು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುವಾಗ ಬಣ್ಣದ ಕಣಗಳನ್ನು ತನ್ನೊಳಗೇ ಬಂಧಿಸುತ್ತದೆ. ಒಣಗಿದ ಗಾರೆಯ ಮೇಲೆ ಬರೆದರೆ ಚರ್ಮದ ಅಂಟೋ ಮರದ ಗೋಂದೋ ಬೇಕು. ಹಸಿಗಾರೆಯ ಚಿತ್ರ ಸ್ವಲ್ಪ ನೀರನ್ನು ತಡೆದುಕೊಳ್ಳುತ್ತದೆ. ಒಣಗಾರೆಯ ಚಿತ್ರಕ್ಕೆ ಒದ್ದೆ ಬಟ್ಟೆ ತಾಗಿದರೂ ಬಣ್ಣ ಎದ್ದು ಬರಬಹುದು. ಈ ವ್ಯತ್ಯಾಸ ತಿಳಿಯದೆ ಯಾವ ಗೋಡೆಯನ್ನೂ ಶುಚಿಗೊಳಿಸಲು ಹೊರಡುವಂತಿಲ್ಲ. ಮದರಾಸು ಸರ್ಕಾರಿ ಸಂಗ್ರಹಾಲಯದ ರಸಾಯನಶಾಸ್ತ್ರಜ್ಞ ಎಸ್. ಪರಮಶಿವನ್ 1930ರ ದಶಕದಲ್ಲಿಯೇ ತಂಜಾವೂರು, ಕಾಂಚೀಪುರಗಳ ಗೋಡೆಚಿತ್ರಗಳ ಗಾರೆಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಈ ಬಗೆಯ ಅಧ್ಯಯನಕ್ಕೆ ನಮ್ಮಲ್ಲಿ ಬುನಾದಿ ಹಾಕಿದರು.

ಕಲ್ಲಲ್ಲೂ ಕಬ್ಬಿಣ, ಬಣ್ಣದಲ್ಲೂ ಕಬ್ಬಿಣ

ಪರೀಕ್ಷೆ ನಡೆಯುವುದು ಹೇಗೆ? ಮೊದಲು ಗೋಡೆಯನ್ನು ಮುಟ್ಟದೆಯೇ ನೋಡುವುದು. ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟರೆ ಉಬ್ಬಿದ, ಬಿರಿದ, ಕಳಚುತ್ತಿರುವ ಜಾಗಗಳು ಎದ್ದು ಕಾಣುತ್ತವೆ. ನೇರಳಾತೀತ ಬೆಳಕಿನಲ್ಲಿ ಹಳೆಯ ಅರಗಿನ ಲೇಪ ಹೊಳೆಯುತ್ತದೆ. ಅವಕೆಂಪು ಕ್ಯಾಮೆರಾ ಮೇಲ್ಪದರದ ಬಣ್ಣವನ್ನು ದಾಟಿ ಅಡಿಯ ಕಪ್ಪು ರೇಖೆಯನ್ನು ತೋರಿಸಬಲ್ಲದು. ಕಣ್ಣಿಗೆ ಏನೂ ಕಾಣದ ಕಡೆ ಬೆರಳಿನ ಆಕಾರವೋ ಕಿರೀಟದ ಅಂಚೋ ಮೂಡುವುದುಂಟು.

ಅದಾದ ಮೇಲೆ ಬಣ್ಣದ ಗುರುತು. ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಉಪಕರಣವನ್ನು ಗೋಡೆಯ ಸಮೀಪ ತಂದರೆ ಅಲ್ಲಿರುವ ಧಾತುಗಳನ್ನು ಅದು ಕೆಲವೇ ನಿಮಿಷಗಳಲ್ಲಿ ಹೇಳುತ್ತದೆ. ಪಾದರಸ ಸಿಕ್ಕರೆ ಇಂಗಲೀಕ, ಆರ್ಸೆನಿಕ್ ಸಿಕ್ಕರೆ ಹರಿತಾಳ, ತಾಮ್ರ ಸಿಕ್ಕರೆ ತಾಮ್ರದ ಹಸಿರೋ ನೀಲಿಯೋ. ಆದರೆ ಬಾದಾಮಿಯಂಥ ಕಡೆ ಒಂದು ತೊಡಕಿದೆ. ಇಲ್ಲಿನ ಮರಳುಗಲ್ಲು ಕೆಂಪಾಗಿರುವುದೇ ಮರಳಿನ ಕಣಗಳನ್ನು ಸುತ್ತಿಕೊಂಡ ಕಬ್ಬಿಣದ ಆಕ್ಸೈಡಿನಿಂದ. ಭೂವಿಜ್ಞಾನಿಗಳು ಕಲಾದಗಿ ಶಿಲಾಸಮೂಹದ ಈ ಪದರಕ್ಕೆ ಬಾದಾಮಿಯ ಗುಹಾಲಯಗಳ ಹೆಸರನ್ನೇ ಇಟ್ಟಿದ್ದಾರೆ. ಕಲಾವಿದನ ಕೆಂಪು ಕಾವಿಯೂ ಅದೇ ಕಬ್ಬಿಣದ ಆಕ್ಸೈಡ್, ಹೆಮಟೈಟ್. ಬಣ್ಣದ ಪದರ ತೀರ ತೆಳು. ಎಕ್ಸ್‌ರೇ ಅದನ್ನು ದಾಟಿ ಕಲ್ಲಿಗೆ ತಲುಪುತ್ತದೆ. ಉಪಕರಣ ತೋರಿಸುವ ಕಬ್ಬಿಣ ಚಿತ್ರದ್ದೋ ಬಂಡೆಯದ್ದೋ? ಅಷ್ಟರಿಂದಲೇ ತೀರ್ಮಾನಕ್ಕೆ ಬರಲಾಗದು.

ಆಗ ನೆರವಿಗೆ ಬರುವುದು ಸರ್ ಸಿ.ವಿ. ರಾಮನ್ 1928ರಲ್ಲಿ ಕಂಡುಹಿಡಿದ ಪರಿಣಾಮ. ಲೇಸರ್ ಬೆಳಕು ಬಣ್ಣದ ಪದರದ ಒಂದು ಕಣದ ಮೇಲೆ ಬಿದ್ದು ಚದುರಿದಾಗ ಅದರ ಅಲೆಯುದ್ದದಲ್ಲಾಗುವ ಸಣ್ಣ ಬದಲಾವಣೆ ಆ ಕಣದ ಖನಿಜ ಯಾವುದೆಂದು ತಿಳಿಸುತ್ತದೆ. ಕೆಂಪು ಹೆಮಟೈಟ್ ಯಾವುದು, ಹಳದಿ ಗೋಥೈಟ್ ಯಾವುದು ಎಂಬುದನ್ನು ರಾಮನ್ ರೋಹಿತ ಬೇರ್ಪಡಿಸುತ್ತದೆ.

ಕೊನೆಯ ಹೆಜ್ಜೆ, ಅನಿವಾರ್ಯವಾದರೆ ಮಾತ್ರ, ಚೂರು ತೆಗೆಯುವುದು. ಈಗಾಗಲೇ ಬಿರುಕು ಬಿಟ್ಟ ಅಂಚಿನಿಂದ ಅರ್ಧ ಮಿಲಿಮೀಟರಿನಷ್ಟು ಹಕ್ಕಳೆ ಸಾಕು. ಅದನ್ನು ಪಾರದರ್ಶಕ ರಾಳದಲ್ಲಿ ಹುದುಗಿಸಿ, ಅಡ್ಡಲಾಗಿ ಉಜ್ಜಿ ನುಣುಪು ಮಾಡಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಗೋಡೆಯ ಚರಿತ್ರೆ ಸಾಲಾಗಿ ಕಾಣುತ್ತದೆ. ಕೆಳಗೆ ಗಾರೆ, ಅದರಲ್ಲಿ ಮಿನುಗುವ ಮರಳಿನ ಕಣ. ಮೇಲೆ ಬಿಳಿ ಲೇಪದ ಗೆರೆ. ಅದರ ಮೇಲೆ ಕೆಂಪು. ಕೆಂಪಿನ ಮೇಲೆ ಮಸಿಯ ಕಪ್ಪು ಗೆರೆ ಇದ್ದು, ಮಸಿಯ ಮೇಲೆ ಮತ್ತೊಂದು ಬಣ್ಣವಿದ್ದರೆ, ಆ ಗುಹೆಯಲ್ಲಿ ದೀಪ ಉರಿದ ಎಷ್ಟೋ ವರ್ಷಗಳ ನಂತರ ಯಾರೋ ಮತ್ತೆ ಬಣ್ಣ ಬಳಿದರೆಂದು ಅರ್ಥ. ಶಾಸನ ಹೇಳದ ಸಂಗತಿಯನ್ನು ಆ ಚೂರು ಹೇಳುತ್ತದೆ.

ಇಂಥ ಪರೀಕ್ಷೆಗಳು ಕಲಾಚರಿತ್ರೆಯನ್ನೇ ತಿದ್ದಿದ ಉದಾಹರಣೆಗಳಿವೆ. ಅಫ್ಘಾನಿಸ್ತಾನದ ಬಾಮಿಯಾನ್‌ನಲ್ಲಿ 2001ರಲ್ಲಿ ತಾಲಿಬಾನಿಗಳು ಸ್ಫೋಟಿಸಿದ ಬುದ್ಧ ವಿಗ್ರಹಗಳ ಹಿಂದಿನ ಗುಹೆಗಳ ಚಿತ್ರಗಳನ್ನು ಫ್ರಾನ್ಸಿನ ಗ್ರೆನೋಬಲ್‌ನ ಸಿಂಕ್ರೊಟ್ರಾನ್ ಕೇಂದ್ರದಲ್ಲಿ ಪರೀಕ್ಷಿಸಿದಾಗ ಕೆಲವು ಬಣ್ಣಗಳಲ್ಲಿ ಒಣಗುವ ಎಣ್ಣೆ ಬಳಸಿದ್ದು ಕಂಡಿತು. 2008ರಲ್ಲಿ ಇದು ಪ್ರಕಟವಾದಾಗ, ತೈಲವರ್ಣ ಯುರೋಪಿನಲ್ಲಿ ಹುಟ್ಟಿತೆಂಬ ನಂಬಿಕೆ ಅಲುಗಾಡಿತು. ಆ ಚಿತ್ರಗಳು ಏಳನೆಯ ಶತಮಾನದವು, ಸುಮಾರಾಗಿ ನಮ್ಮ ಇಮ್ಮಡಿ ಪುಲಕೇಶಿಯ ಕಾಲದವು. ಎಲ್ಲೋರದ ಗಾರೆಯಲ್ಲಿ ಭಂಗಿ ಗಿಡದ ಭಾಗಗಳು ಸಿಕ್ಕಿದ್ದನ್ನು 2016ರಲ್ಲಿ ಭಾರತೀಯ ವಿಜ್ಞಾನಿಗಳು ವರದಿ ಮಾಡಿದರು. ಅಜಂತಾದ ಗಾರೆಯನ್ನು ಕೀಟಗಳು ತಿಂದರೂ ಎಲ್ಲೋರದ್ದು ಉಳಿದದ್ದಕ್ಕೆ ಇದೂ ಕಾರಣವಿರಬಹುದು ಎಂಬುದು ಅವರ ಅಭಿಪ್ರಾಯ.

ನೀರು, ಉಪ್ಪು, ಮಸಿ

ಚಿತ್ರ ಹಾಳಾಗುವುದಕ್ಕೆ ವಯಸ್ಸೇ ಕಾರಣ ಎನ್ನುವುದು ಸುಲಭದ ಉತ್ತರ. ನಿಜವಾದ ಕಾರಣಗಳನ್ನು ಒಂದೊಂದಾಗಿ ಹೆಸರಿಸಬಹುದು, ಅಳೆಯಬಹುದು, ಹಲವನ್ನು ತಡೆಯಲೂಬಹುದು.

ಮೊದಲನೆಯದು ನೀರು. ಮರಳುಗಲ್ಲಿನಲ್ಲಿ ಸೂಕ್ಷ್ಮ ರಂಧ್ರಗಳಿರುತ್ತವೆ. ಪದರಗಳ ನಡುವೆ ಸಂದುಗಳೂ ಇರುತ್ತವೆ. ಗುಡ್ಡದ ಮೇಲೆ ಬಿದ್ದ ಮಳೆ ಈ ಹಾದಿಯಲ್ಲಿ ಇಳಿದು ಚಾವಣಿಯಲ್ಲಿ ಜಿನುಗುತ್ತದೆ. ಬರುವಾಗ ಕಲ್ಲು, ಮಣ್ಣುಗಳ ಲವಣಗಳನ್ನು ಕರಗಿಸಿಕೊಂಡು ಬರುತ್ತದೆ. ನೀರು ಆರಿಹೋದರೂ ಲವಣ ಗಾರೆಯಲ್ಲೇ ಉಳಿಯುತ್ತದೆ.

ಅಡುಗೆ ಉಪ್ಪನ್ನೇ ನೋಡಿ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇ 75 ದಾಟಿದರೆ ಅದು ತೇವ ಹೀರಿ ಕರಗುತ್ತದೆ, ಅದಕ್ಕಿಂತ ಇಳಿದರೆ ಮತ್ತೆ ಹರಳುಗಟ್ಟುತ್ತದೆ. ಹರಳು ಬೆಳೆಯುವಾಗ ಗಾರೆಯ ಸಣ್ಣ ರಂಧ್ರದ ಗೋಡೆಯನ್ನು ಒತ್ತುತ್ತದೆ. ಮಳೆಗಾಲದ ರಾತ್ರಿ ಕರಗುವುದು, ಮಧ್ಯಾಹ್ನ ಹರಳಾಗುವುದು, ಬೇಸಿಗೆಯಲ್ಲಿ ಗಟ್ಟಿಯಾಗುವುದು. ಇದೇ ಆಟ ಸಾವಿರಾರು ಸಲ ನಡೆದಾಗ ಬಣ್ಣದ ಹಿಂದಿನ ಗಾರೆ ಪುಡಿಯಾಗುತ್ತದೆ, ಮೇಲ್ಪದರ ಹಕ್ಕಳೆಯೆದ್ದು ಉದುರುತ್ತದೆ. ಗೋಡೆಯ ಮೇಲೆ ಕಾಣುವ ಬಿಳಿ ಹೂವಿನಂಥ ಪುಡಿ ಈ ಕ್ರಿಯೆಯ ಗುರುತು. ಅದನ್ನು ಒದ್ದೆ ಬಟ್ಟೆಯಿಂದ ಒರೆಸುವವರಿದ್ದಾರೆ. ಹಾಗೆ ಒರೆಸಿದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ.

ಬಾವಲಿಗಳ ಹಿಕ್ಕೆ, ಮೂತ್ರಗಳಿಂದ ನೈಟ್ರೇಟ್ ಲವಣಗಳು ಸೇರುತ್ತವೆ. ಹಣತೆ, ಒಲೆ, ಧೂಪದ ಹೊಗೆ ಎಣ್ಣೆ ಬೆರೆತ ಮಸಿಯಾಗಿ ಕೂರುತ್ತದೆ. ಬೆಂಕಿಯ ಕಾವು ಮತ್ತೊಂದು ಬದಲಾವಣೆ ತರುತ್ತದೆ: ಹಳದಿ ಕಾವಿಗೆ 250ರಿಂದ 300 ಡಿಗ್ರಿ ಸೆಲ್ಸಿಯಸ್ ಶಾಖ ತಗುಲಿದರೆ ಅದರೊಳಗಿನ ನೀರಿನಂಶ ಹೋಗಿ ಅದು ಕೆಂಪಾಗುತ್ತದೆ. ಇಂದು ಕೆಂಪಾಗಿ ಕಾಣುವ ಬಟ್ಟೆಯನ್ನು ಕಲಾವಿದ ಹಳದಿಯಾಗಿ ಬರೆದಿರಬಹುದು. ಸೀಸದ ಬಣ್ಣಗಳು ಕಪ್ಪಾಗುತ್ತವೆ. ಹರಿತಾಳ ಬೆಳಕಿಗೆ ಬಿಳಚುತ್ತದೆ. ಅರಗಿನ ಕೆಂಪು, ಬಿಸಿಲಲ್ಲಿ ಒಣಹಾಕಿದ ಇಳಕಲ್ ಸೀರೆಯ ಕಚ್ಚಾ ಬಣ್ಣದಂತೆ, ಮಾಸಿಹೋಗುತ್ತದೆ. ಕೆಂಪು ಕಾವಿ, ಸುಣ್ಣ, ಕಾಡಿಗೆಗಳು ಮಾತ್ರ ಎಲ್ಲವನ್ನೂ ತಾಳಿಕೊಂಡು ಉಳಿಯುತ್ತವೆ. ಹಳೆಯ ಗೋಡೆಗಳಲ್ಲಿ ಕೆಂಪು, ಬಿಳಿ, ಕಪ್ಪುಗಳೇ ಹೆಚ್ಚು ಕಾಣುವುದರಿಂದ ಆ ಕಲಾವಿದರಿಗೆ ಬೇರೆ ಬಣ್ಣ ಗೊತ್ತಿರಲಿಲ್ಲವೆಂದು ಭಾವಿಸುವುದು ತಪ್ಪು.

ಕಾಪಾಡಲು ಹೋಗಿ ಆದ ಹಾನಿ

ಸದುದ್ದೇಶದಿಂದ ಆದ ಹಾನಿಯೂ ಕಡಿಮೆಯಿಲ್ಲ. ಹೈದರಾಬಾದ್ ನಿಜಾಮರ ಸರ್ಕಾರ 1920ರ ಹೊತ್ತಿಗೆ ಇಟಲಿಯಿಂದ ಇಬ್ಬರು ತಜ್ಞರನ್ನು ಅಜಂತಾಕ್ಕೆ ಕರೆಸಿತು. ಉದುರುತ್ತಿದ್ದ ಗಾರೆಯನ್ನು ಅವರು ಭದ್ರಪಡಿಸಿದರು. ಆದರೆ ಆಗ ಬಳಿದ ಅರಗಿನ ವಾರ್ನಿಷ್ ಕಾಲಾಂತರದಲ್ಲಿ ಹಳದಿಗಟ್ಟಿ ಕಂದಾಯಿತು, ಧೂಳು ಹಿಡಿಯಿತು. ಅದನ್ನು ತೆಗೆಯುವುದೇ ಪುರಾತತ್ವ ಸರ್ವೇಕ್ಷಣೆಯ ವಿಜ್ಞಾನ ಶಾಖೆಗೆ ದಶಕಗಳ ಕೆಲಸವಾಯಿತು. ಶ್ರೀರಂಗಪಟ್ಟಣದ ದರಿಯಾ ದೌಲತ್‌ನಲ್ಲಿ 1780ರ ಪೊಳ್ಳಿಲೂರು ಯುದ್ಧದ ಪ್ರಸಿದ್ಧ ಚಿತ್ರವನ್ನು ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಲಾರ್ಡ್ ಡಾಲ್‌ಹೌಸಿಯ ಕಾಲಕ್ಕೆ ಮತ್ತೆ ಬರೆಸಲಾಯಿತು. ಅಲ್ಲಿ ಟಿಪ್ಪುವಿನ ಕಾಲದ ಕುಂಚ ಎಲ್ಲಿ ಮುಗಿಯುತ್ತದೆ, ನಂತರದ್ದು ಎಲ್ಲಿ ಶುರುವಾಗುತ್ತದೆ ಎಂಬುದನ್ನು ನೋಟದಿಂದಲೇ ಹೇಳಲಾಗದು.

ಈ ಅನುಭವದಿಂದ ಇಂದಿನ ಸಂರಕ್ಷಕರು ಕಲಿತ ಪಾಠ ಸರಳ: ಅಳಿದ ಭಾಗವನ್ನು ತುಂಬಿ ಬರೆಯಬಾರದು, ಬಳಸಿದ ವಸ್ತುವನ್ನು ಮುಂದೆ ತೆಗೆಯಲು ಬರುವಂತಿರಬೇಕು, ಚಿತ್ರಕ್ಕೆ ಕೈ ಹಚ್ಚುವ ಮೊದಲು ಹಾನಿಯ ಮೂಲವನ್ನು ನಿಲ್ಲಿಸಬೇಕು. ನೀರು ಜಿನುಗುವ ಸಂದನ್ನು ಮುಚ್ಚದೆ ಬಣ್ಣವನ್ನು ಅಂಟಿಸಿದರೆ, ಮರುವರ್ಷ ಅಂಟಿನ ಸಮೇತ ಬಣ್ಣ ಉದುರುತ್ತದೆ.

ಸಿಡಿಲಫಡಿಯಿಂದ ಐಹೊಳೆವರೆಗೆ

ಬಾದಾಮಿಯ ಸುತ್ತಮುತ್ತ ಈ ವಿದ್ಯೆಗೆ ಒಳ್ಳೆಯ ಪಾಠಶಾಲೆಯೇ ಇದೆ. ಊರಿನಿಂದ ಕೆಲವೇ ಕಿಲೋಮೀಟರ್ ದೂರದ ಸಿಡಿಲಫಡಿಯ ಕಲ್ಲಾಸರೆಯಲ್ಲಿ ಇತಿಹಾಸಪೂರ್ವ ಕಾಲದ ಮನುಷ್ಯರು ಬರೆದ ಆಕೃತಿಗಳಿವೆ. ಪುರಾತತ್ವಜ್ಞ ಅ. ಸುಂದರ ಅವರಂಥವರು ಈ ಭಾಗದ ಬಂಡೆಚಿತ್ರಗಳನ್ನು ಅಧ್ಯಯನ ಮಾಡಿದ್ದಾರೆ. ಅರಮನೆಯ ಕಲಾವಿದರ ಚಿತ್ರಕ್ಕಿಂತ ಎಷ್ಟೋ ಹಳೆಯವಾದ ಅವು ಇಂದಿಗೂ ಕಾಣುತ್ತಿರುವುದಕ್ಕೆ ಒಂದು ಕಾರಣ, ಅಲ್ಲಿ ಕಳಚಿ ಬೀಳಲು ಗಾರೆಯೇ ಇಲ್ಲ. ಬಣ್ಣ ನೇರ ಬಂಡೆಗೆ ಹತ್ತಿದೆ. ಆದರೆ ಅವು ಕೈಗೆಟುಕುವಷ್ಟು ಕೆಳಗಿವೆ. ಅಲ್ಲಿನ ದೊಡ್ಡ ಭಯ ಮಳೆಗಿಂತ ಮನುಷ್ಯ: ಹೆಸರು ಕೆತ್ತುವವನು, ಬಂಡೆಯಡಿ ಒಲೆ ಹೂಡುವವನು.

ಹುನಗುಂದದ ಕಡೆಯ ಐಹೊಳೆ, ಮಲಪ್ರಭೆಯ ದಂಡೆಯ ಪಟ್ಟದಕಲ್ಲುಗಳ ಗುಡಿಗಳಲ್ಲೂ ಶಿಲ್ಪದ ಸಂದುಗಳಲ್ಲಿ ಗಾರೆ, ಬಣ್ಣಗಳ ಕುರುಹುಗಳು ಉಳಿದಿವೆ. ಇಂದು ಬರಿಗಲ್ಲಾಗಿ ಕಾಣುವ ಎಷ್ಟೋ ಮೂರ್ತಿಗಳು ಒಂದು ಕಾಲಕ್ಕೆ ಬಣ್ಣ ಹೊತ್ತಿದ್ದವು. ಸ್ವಚ್ಛತೆಯ ಹೆಸರಿನಲ್ಲಿ ಆಮ್ಲ ಹಾಕಿ ತೊಳೆದರೆ, ತಂತಿ ಬ್ರಷ್ಷಿನಲ್ಲಿ ತಿಕ್ಕಿದರೆ ಮೊದಲು ಹೋಗುವುದು ಆ ಕುರುಹು.

ಪಟ್ಟದಕಲ್ಲು 1987ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಮೇಣಬಸದಿಗೆ ಕೇಂದ್ರ ಪುರಾತತ್ವ ಸರ್ವೇಕ್ಷಣೆಯ ರಕ್ಷಣೆಯಿದೆ. ಪಟ್ಟಿಯಲ್ಲಿ ಇಲ್ಲದ ಗೋಡೆಗಳ ಗತಿಯೇನು? ಊರ ಗುಡಿ, ಮಠ, ವಾಡೆಗಳ ಗೋಡೆಯ ಮೇಲೆ ಬಿಡಿಸಿದ ಹಳೆಯ ಚಿತ್ರಗಳು ಜಾತ್ರೆಗೆ ಮುನ್ನ ಒಂದು ಸುಣ್ಣದ ಕೈಗೆ, ಇಲ್ಲವೇ ಎನಾಮಲ್ ಪೇಂಟಿಗೆ ಕಾಣೆಯಾಗುತ್ತವೆ. ಸುಣ್ಣದ ಅಡಿಯ ಚಿತ್ರವನ್ನು ಜಾಣ ಕೈಗಳು ಮತ್ತೆ ಹೊರತೆಗೆಯಬಹುದು. ಎನಾಮಲ್ ಹಾಗಲ್ಲ. ಅದು ಗೋಡೆಯ ತೇವ ಹೊರಹೋಗದಂತೆ ಮುಚ್ಚಿಬಿಡುತ್ತದೆ, ಒಳಗಿನ ಗಾರೆ ಉಬ್ಬಿ ಕೊನೆಗೆ ಚಿತ್ರದೊಂದಿಗೇ ಕಳಚುತ್ತದೆ.

ಆಗಬೇಕಾದ ಕೆಲಸ

ಮೂರನೆಯ ಗುಹೆಯ ಕಪೋತದಲ್ಲಿ ಉಳಿದಿರುವುದಕ್ಕೆ ಮೊದಲು ಬೇಕಾದದ್ದು ಎಡೆಬಿಡದ ದಾಖಲೆ. ಪ್ರತಿ ವರ್ಷ ಅದೇ ತಿಂಗಳು, ಅದೇ ಕೋನ, ಅದೇ ಬೆಳಕಿನಲ್ಲಿ ತೆಗೆದ ಚಿತ್ರಗಳನ್ನು ಹೋಲಿಸಿದರೆ ಯಾವ ಹಕ್ಕಳೆ ಬಿತ್ತು, ಯಾವ ಬಿರುಕು ಬೆಳೆಯಿತು ಎಂಬುದು ತಿಳಿಯುತ್ತದೆ. ಗಾಳಿಯ ಶಾಖ, ಆರ್ದ್ರತೆಗಳನ್ನು ತಾನಾಗಿಯೇ ಬರೆದಿಡುವ ಉಪಕರಣ ಅಂಗೈಯಗಲದ್ದು. ಅದನ್ನಿಟ್ಟರೆ, ಆರ್ದ್ರತೆ ವರ್ಷದಲ್ಲಿ ಎಷ್ಟು ಸಲ ಶೇ 75ರ ಗೆರೆ ದಾಟುತ್ತದೆಂಬ ಲೆಕ್ಕ ಸಿಗುತ್ತದೆ. ಕೆಳಗಿನ ಅಗಸ್ತ್ಯತೀರ್ಥ ಕೆರೆಯ ತೇವ, ಮೇಲಿನ ಗುಡ್ಡದ ಜಿನುಗು, ರಜಾದಿನದ ಜನಜಂಗುಳಿ, ಇವುಗಳಲ್ಲಿ ಯಾವುದರ ಪಾಲು ಎಷ್ಟು ಎಂಬುದು ಆಗ ಊಹೆಯಾಗಿ ಉಳಿಯುವುದಿಲ್ಲ. ಫ್ರಾನ್ಸಿನ ಲಾಸ್ಕೊ ಗುಹೆಯಲ್ಲಿ ಪ್ರವಾಸಿಗರ ಉಸಿರು, ದೀಪಗಳಿಂದ ಪಾಚಿ ಬೆಳೆದಾಗ 1963ರಲ್ಲಿ ಅದನ್ನು ಸಾರ್ವಜನಿಕರಿಗೆ ಮುಚ್ಚಬೇಕಾಯಿತು. ಬಾದಾಮಿಯದು ತೆರೆದ ಮೊಗಸಾಲೆ, ಗಾಳಿಯಾಡುವ ಜಾಗ. ಅಂಥ ಕಠಿಣ ಕ್ರಮದ ಅಗತ್ಯ ಬೀಳದಂತೆ ಈಗಲೇ ಅಳೆದು ಎಚ್ಚರ ವಹಿಸಬಹುದು.

ಪರಿಣತಿಗೆ ದೂರ ಹೋಗಬೇಕಿಲ್ಲ. ಸರ್ವೇಕ್ಷಣೆಯ ವಿಜ್ಞಾನ ಶಾಖೆ ಡೆಹ್ರಾಡೂನಿನಲ್ಲಿದ್ದರೂ, ಸಾಂಸ್ಕೃತಿಕ ಆಸ್ತಿಯ ಸಂರಕ್ಷಣೆಗೆಂದೇ ಇರುವ ರಾಷ್ಟ್ರೀಯ ಸಂಶೋಧನಾ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರ ಮೈಸೂರಿನಲ್ಲಿದೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಇಂಟಾಕ್ ಸಂಸ್ಥೆಯ ಕಲಾ ಸಂರಕ್ಷಣಾ ಕೇಂದ್ರವಿದೆ. ಬಾಗಲಕೋಟೆಯ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಇವರ ಮಾರ್ಗದರ್ಶನದಲ್ಲಿ ಜಿಲ್ಲೆಯ ಚಿತ್ರಿತ ಗೋಡೆಗಳ ಪಟ್ಟಿ ಮಾಡುವುದು, ಗಾರೆಯ ಲವಣ ಪರೀಕ್ಷಿಸುವುದು ಸಾಧ್ಯವಿರುವ ಕೆಲಸ. ಇದಕ್ಕೆ ದೊಡ್ಡ ಯೋಜನೆಗಿಂತ ಹೆಚ್ಚಾಗಿ ವರ್ಷ ವರ್ಷವೂ ತಪ್ಪದೆ ಮಾಡುವ ಶ್ರದ್ಧೆ ಬೇಕು.

ಓದುಗರಲ್ಲಿ ಒಂದು ವಿನಂತಿ. ಬಾದಾಮಿಗೆ ಹೋದಾಗ ಮೂರನೆಯ ಗುಹೆಯಲ್ಲಿ ಸ್ವಲ್ಪ ಹೊತ್ತು ನಿಂತು ಮೇಲೆ ನೋಡಿ, ಮಕ್ಕಳಿಗೂ ತೋರಿಸಿ; ಗೋಡೆ, ಕಂಬಗಳನ್ನು ಮುಟ್ಟಬೇಡಿ. ನಿಮ್ಮೂರ ಗುಡಿಯಲ್ಲೋ ಮಠದಲ್ಲೋ ಹಳೆಯ ಚಿತ್ರವಿದ್ದರೆ ಸುಣ್ಣ ಬಳಿಯುವವರನ್ನು ಒಂದು ವಾರ ತಡೆಯಿರಿ, ಫೋಟೊ ತೆಗೆದಿಡಿ, ರಾಜ್ಯ ಪುರಾತತ್ವ ಇಲಾಖೆಗೆ ಒಂದು ಪತ್ರ ಬರೆಯಿರಿ.